ಡಬ್ಬಿ ಯಾರದು, ಒಳಗಿನ ಮಾಲು ಯಾರದು? ಕಾರಿನ ಬಿಡಿಭಾಗಗಳ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಕಂಪನಿ ಪಾರ್ಟ್ ಹಾಕದಿದ್ದರೆ ಗಾಡಿ ಹಾಳಾಗುತ್ತದೆ ಎಂದು ಸರ್ವಿಸ್ ಸೆಂಟರ್‌ನವರು ಹೆದರಿಸುತ್ತಾರೆ. ‘ಅದೇ ಮಾಲು, ಡಬ್ಬಿ ಮಾತ್ರ ಬೇರೆ, ಅರ್ಧ ದುಡ್ಡಿಗೆ ಸಿಗುತ್ತೆ’ ಅನ್ನುತ್ತಾರೆ ಹೊರಗಿನ ಮೆಕ್ಯಾನಿಕ್. ಯಾರ ಮಾತು ನಂಬಲಿ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಕಾರು ಕಂಪನಿಗಳು ತಮ್ಮ ಕಾರಿನ ಬಹುಪಾಲು ಬಿಡಿಭಾಗಗಳನ್ನು ತಾವೇ ಮಾಡುವುದಿಲ್ಲ. ಬಾಷ್, ಡೆನ್ಸೊ, ಎನ್‌ಜಿಕೆ, ವ್ಯಾಲಿಯೊ, ಮಾಹ್ಲೆ, ಎಸ್‌ಕೆಎಫ್, ಝಡ್‌ಎಫ್ ಥರದ ತಯಾರಕರಿಂದ ತರಿಸಿಕೊಂಡು ಜೋಡಿಸುತ್ತವೆ. ಅದೇ ತಯಾರಕರು ಅದೇ ಭಾಗವನ್ನು ತಮ್ಮ ಹೆಸರಿನ ಡಬ್ಬಿಯಲ್ಲೂ ಮಾರುವುದುಂಟು. ಹಾಗಾಗಿ ಅಂಗಡಿಯಲ್ಲಿ ನಿಮಗೆ ನಾಲ್ಕು ಥರದ ಮಾಲು ಸಿಗುತ್ತದೆ: ಕಾರು ಕಂಪನಿಯ ಡಬ್ಬಿಯದು, ಅದನ್ನು ಮಾಡಿಕೊಟ್ಟ ತಯಾರಕರ ಸ್ವಂತ ಡಬ್ಬಿಯದು, ಬೇರೊಬ್ಬ ಹೆಸರುವಾಸಿ ತಯಾರಕರದು, ಊರು ಹೆಸರಿಲ್ಲದ್ದು. ಕೊನೆಯ ಮೂರನ್ನೂ ‘ಆಫ್ಟರ್‌ಮಾರ್ಕೆಟ್’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕುವುದರಿಂದಲೇ ಇಷ್ಟೆಲ್ಲ ಗೊಂದಲ.

ನಿಮ್ಮ ಕಾರಿಗೆ ಮೂಲದಲ್ಲಿ ಯಾರು ಕೊಟ್ಟಿದ್ದರು ಎಂದು ತಿಳಿಯಲು ಬಿಚ್ಚಿದ ಹಳೇ ಭಾಗವನ್ನೇ ನೋಡಿ. ಎಸೆಯುವ ಮುಂಚೆ ಬಟ್ಟೆಯಲ್ಲಿ ಒರೆಸಿದರೆ ಎರಕದ ಮೇಲೆ ಕಾರು ಕಂಪನಿಯ ಗುರುತಿನ ಪಕ್ಕ ತಯಾರಕರ ಹೆಸರು, ನಂಬರು ಎರಡೂ ಕಾಣಿಸುವುದು ಸಾಮಾನ್ಯ. ತಯಾರಕರ ಡಬ್ಬಿಯಿಂದ ಬಂದ ಹೊಸ ಭಾಗದಲ್ಲಿ ಕಾರು ಕಂಪನಿಯ ಗುರುತು ಇರಬೇಕಾದ ಜಾಗವನ್ನು ಗ್ರೈಂಡರ್‌ನಲ್ಲಿ ಉಜ್ಜಿ ಅಳಿಸಿದ್ದರೆ ನಕಲಿ ಎಂದು ಗಾಬರಿಯಾಗಬೇಡಿ. ಆ ಗುರುತು ಬಳಸುವ ಹಕ್ಕು ಅವರಿಗಿಲ್ಲದೆ ಉಜ್ಜಿರುತ್ತಾರೆ; ಹೆಚ್ಚಿನ ಸಲ ಅದು ಒಳ್ಳೆಯ ಸುದ್ದಿಯೇ. ಹಾಗಂತ ಡಬ್ಬಿಯ ಮೇಲೆ ದೊಡ್ಡ ಹೆಸರಿದ್ದ ಮಾತ್ರಕ್ಕೆ ಒಳಗಿನದು ಅವರ ಕಾರ್ಖಾನೆಯದೇ ಆಗಬೇಕೆಂದಿಲ್ಲ. ತಾವು ಮಾಡದ ಭಾಗಗಳನ್ನು ಬೇರೆಯವರಿಂದ ಮಾಡಿಸಿ ತಮ್ಮ ಡಬ್ಬಿಗೆ ತುಂಬುವುದು ಈ ವ್ಯಾಪಾರದಲ್ಲಿ ಮಾಮೂಲಿ.

ಆಯ್ಕೆಗೆ ನಾವು ಎರಡೇ ಪ್ರಶ್ನೆ ಕೇಳುತ್ತೇವೆ. ಇದು ಕೈಕೊಟ್ಟರೆ ಏನಾಗುತ್ತದೆ? ಮತ್ತೆ ಬಿಚ್ಚಿ ಹಾಕಲು ಎಷ್ಟು ಹೊತ್ತು ಬೇಕು? ಕ್ಯಾಬಿನ್ ಫಿಲ್ಟರ್ ಕೆಟ್ಟದ್ದು ಬಂದರೆ ಒಂದಿಷ್ಟು ಧೂಳು. ಹತ್ತು ನಿಮಿಷದಲ್ಲಿ ಬದಲಾಯಿಸಬಹುದು. ಅಗ್ಗದ್ದು ಸಾಕು. ಕ್ಲಚ್‌ನ ರಿಲೀಸ್ ಬೇರಿಂಗ್ ಚಿಕ್ಕ ಭಾಗವೇ, ಆದರೆ ಅದು ಕೂಗತೊಡಗಿದರೆ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಅಲ್ಲಿ ಉಳಿಸಿದ ದುಡ್ಡು ಕೂಲಿಯಲ್ಲೇ ಹೋಗುತ್ತದೆ. ಪಿಸ್ಟನ್, ವಾಲ್ವ್‌ಗಳ ಚಲನೆಗೆ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ಎರಡು ಪ್ರಶ್ನೆಯಲ್ಲೂ ಸೋಲುತ್ತದೆ. ಅದು ಹರಿದರೆ ಹೆಚ್ಚಿನ ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಹೆಡ್ ಇಳಿಸಬೇಕಾಗುತ್ತದೆ. ಅದಕ್ಕೇ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಅದಕ್ಕೆ ದಾರಿ ತೋರುವ ರಾಟೆ ಐಡ್ಲರ್ ಮೂರೂ ಒಬ್ಬನೇ ತಯಾರಕನ ಕಿಟ್‌ನಲ್ಲಿ ಬರಲಿ. ವಾಟರ್ ಪಂಪ್ ಅದೇ ಬೆಲ್ಟ್‌ನಿಂದ ತಿರುಗುವುದಾದರೆ ಅದೂ ಜೊತೆಗೇ ಬದಲಾಗಲಿ. ಹೊಸ ಬೆಲ್ಟ್ ಹಾಕಿ ಹಳೇ ಟೆನ್ಷನರ್ ಉಳಿಸಿಕೊಂಡರೆ ಬೆಲ್ಟ್ ಬಾಳಿಕೆ ಟೆನ್ಷನರ್‌ನ ಬೇರಿಂಗ್ ಬಾಳುವಷ್ಟೇ.

ಪ್ರಶ್ನೆ: ಮುಂದಿನ ಬ್ರೇಕ್ ಪ್ಯಾಡ್ ಆಫ್ಟರ್‌ಮಾರ್ಕೆಟ್‌ನದು ಹಾಕಿಸಿದೆ. ತಿಂಗಳೊಳಗೆ ಕೀಚಲು ಶಬ್ದ ಶುರು. ‘ಒರಿಜಿನಲ್ ಹಾಕಿಸಿ ಅಂತ ಆವತ್ತೇ ಹೇಳಿದ್ದೆ’ ಅನ್ನುತ್ತಾರೆ ಗ್ಯಾರೇಜಿನವರು. ಪ್ಯಾಡ್‌ದೇ ತಪ್ಪೇ?

ಉತ್ತರ: ಇರಬಹುದು. ಆದರೆ ಪ್ಯಾಡನ್ನು ಬೈಯುವ ಮುಂಚೆ ಚಕ್ರ ಬಿಚ್ಚಿಸಿ ನಾಲ್ಕು ಕಡೆ ನೋಡಿ. ಒಂದು, ಪ್ಯಾಡಿನ ಬೆನ್ನಿಗಿರುವ ತೆಳು ತಗಡು, ಅಂದರೆ ಶಿಮ್. ಕಡಿಮೆ ಬೆಲೆಯ ಪ್ಯಾಡ್‌ಗಳಲ್ಲಿ ಅದು ಇರುವುದೇ ಇಲ್ಲ. ಇದ್ದರೂ ಕೆಲವೊಮ್ಮೆ ಜೋಡಿಸುವವರು ಬಿಟ್ಟಿರುತ್ತಾರೆ. ಎರಡು, ಪ್ಯಾಡ್ ಜಾರುವ ಜಾಗದ ಸ್ಟೀಲ್ ಕ್ಲಿಪ್‌ಗಳು ಹೊಸವೋ, ತುಕ್ಕು ಹಿಡಿದ ಹಳೆಯವೋ. ಮೂರು, ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಸ್ಲೈಡ್ ಪಿನ್‌ಗಳು. ಕೈಯಲ್ಲಿ ಎಳೆದರೆ ಸಲೀಸಾಗಿ ಬರಬೇಕು. ಒಳಗಿನ ಪ್ಯಾಡ್ 4 ಮಿ.ಮೀ., ಹೊರಗಿನದು 9 ಮಿ.ಮೀ. ಹೀಗೆ ಸವೆದಿದ್ದರೆ ಪಿನ್ ಅಥವಾ ಪಿಸ್ಟನ್ ಹಿಡಿದುಕೊಂಡಿದೆ ಎಂದರ್ಥ. ಒರಿಜಿನಲ್ ಪ್ಯಾಡ್ ಹಾಕಿದ್ದರೂ ಅದೇ ಗತಿಯಾಗುತ್ತಿತ್ತು. ಪಿನ್‌ಗೆ ಸಿಲಿಕೋನ್ ಆಧಾರದ ಬ್ರೇಕ್ ಗ್ರೀಸ್ ಬೇಕು. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ ಕಚ್ಚಿಕೊಳ್ಳುತ್ತದೆ. ನಾಲ್ಕು, ಡಿಸ್ಕ್‌ನ ಅಂಚು. ಉಗುರಿಗೆ ತಾಗುವಷ್ಟು ದಿಂಡು ಎದ್ದಿದ್ದರೆ ಹೊಸ ಪ್ಯಾಡಿನ ಅಂಚು ಅದರ ಮೇಲೆ ಹತ್ತಿ ಕಿರುಚುತ್ತದೆ. ಡಿಸ್ಕ್ ಎಷ್ಟು ತೆಳ್ಳಗಾಗುವವರೆಗೆ ಬಳಸಬಹುದು ಎಂಬುದು ಹೆಚ್ಚಾಗಿ ಅದರ ಮೇಲೇ ‘ಮಿನ್ ಟಿಎಚ್’ ಎಂದು ಅಚ್ಚೊತ್ತಿರುತ್ತದೆ. ವರ್ನಿಯರ್‌ನಿಂದ ಅಳೆದು ಅದಕ್ಕಿಂತ ಕಡಿಮೆ ಬಂದರೆ ಉಜ್ಜಿಸುವ ಮಾತೇ ಇಲ್ಲ, ಬದಲಾಯಿಸಿ.

ಇಷ್ಟೆಲ್ಲ ಸರಿಯಿದ್ದರೆ ಆಗ ಪ್ಯಾಡಿನತ್ತ ತಿರುಗೋಣ. ಕೊಳ್ಳುವಾಗ ಡಬ್ಬಿಯ ಮೇಲೂ ಪ್ಯಾಡಿನ ಬೆನ್ನ ಮೇಲೂ ವೃತ್ತದೊಳಗಿನ ‘ಇ’ ಅಕ್ಷರ, ಅದರ ಪಕ್ಕದಲ್ಲಿ ‘90ಆರ್’ ಎಂದು ಶುರುವಾಗುವ ನಂಬರು ಇದೆಯೇ ನೋಡಿ. ಇದು ವಿಶ್ವಸಂಸ್ಥೆಯ 90ನೇ ವಾಹನ ನಿಯಮದ ಗುರುತು. ಒರಿಜಿನಲ್ ಪ್ಯಾಡಿನ ಹಿಡಿತಕ್ಕೂ ಇದಕ್ಕೂ ಪರೀಕ್ಷೆಯಲ್ಲಿ ಶೇ 15ಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು ಎನ್ನುತ್ತದೆ ಆ ನಿಯಮ. ಕೆಲವು ಪ್ಯಾಡ್‌ಗಳ ಮೇಲೆ ‘ಎಫ್‌ಎಫ್’, ‘ಜಿಎಫ್’ ಥರದ ಜೋಡಿ ಅಕ್ಷರ ಇರುತ್ತದೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಕಾದಾಗಿನದು. ಈ ಜೋಡಿಯಲ್ಲಿ ಇ ಅಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನದಾಗಿದ್ದರೆ ಉದ್ದದ ಇಳಿಜಾರಿನಲ್ಲಿ ಹಿಡಿತ ಕಮ್ಮಿಯಾಗುತ್ತದೆ ಎಂದು ತಿಳಿಯಿರಿ. ಬಾಳಿಕೆ, ಶಬ್ದದ ಬಗ್ಗೆ ಈ ಅಕ್ಷರಗಳು ಏನೂ ಹೇಳುವುದಿಲ್ಲ.

ಹೊಸ ಪ್ಯಾಡನ್ನು ಪಳಗಿಸುವ ಕೆಲಸವನ್ನು ಬಹಳ ಮಂದಿ ಬಿಟ್ಟೇಬಿಡುತ್ತಾರೆ. ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ.ನಿಂದ 10ರವರೆಗೆ ಹದವಾಗಿ ಒತ್ತಿ ಇಳಿಸಿ. ನಡುವೆ ಅರ್ಧ ನಿಮಿಷ ಗಾಳಿಯಾಡಲು ಬಿಟ್ಟು ಹತ್ತು ಸಲ ಹೀಗೆ ಮಾಡಿ. ಕಾದ ಬ್ರೇಕನ್ನು ಒತ್ತಿ ಹಿಡಿದು ಗಾಡಿ ನಿಲ್ಲಿಸಬೇಡಿ. ಪ್ಯಾಡಿನ ವಸ್ತು ಡಿಸ್ಕ್‌ನ ಒಂದೇ ಜಾಗಕ್ಕೆ ಮೆತ್ತಿಕೊಂಡು ಆಮೇಲೆ ಪೆಡಲ್ ಅದುರತೊಡಗುತ್ತದೆ.

ಪ್ರಶ್ನೆ: ಆಯಿಲ್ ಫಿಲ್ಟರ್ ಎಲ್ಲಾ ಒಂದೇ ಅಲ್ಲವೇ? ನೋಡಲು ಒಂದೇ ಥರ ಇವೆ, ಥ್ರೆಡ್ಡೂ ಕೂರುತ್ತದೆ.

ಉತ್ತರ: ಥ್ರೆಡ್ ಕೂರುವುದೇ ಅಪಾಯ! ತಿರುಗಿಸಿ ಹಾಕುವ ಫಿಲ್ಟರ್‌ಗಳಲ್ಲಿ ಎರಡು ಅಳತೆ ಹೆಚ್ಚು ಚಾಲ್ತಿಯಲ್ಲಿವೆ. 20 ಮಿ.ಮೀ. ವ್ಯಾಸ, 1.5 ಮಿ.ಮೀ. ಪಿಚ್‌ನದು (ಪಿಚ್ ಅಂದರೆ ಎಳೆಯಿಂದ ಎಳೆಗೆ ಇರುವ ಅಂತರ) ಒಂದು, ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ವ್ಯಾಸ, ಇಂಚಿಗೆ 16 ಎಳೆಯದು ಇನ್ನೊಂದು. ಮೊದಲನೇ ಥರದ ಫಿಲ್ಟರ್ ಎರಡನೇ ಥರದ ಇಂಜಿನ್ ಮೇಲೆ ಹತ್ತುತ್ತದೆ, ರಬ್ಬರ್ ತಾಗಿದ ಮೇಲೆ ಬಿಗಿಯಾದಂತೆಯೂ ಅನ್ನಿಸುತ್ತದೆ. ಆಮೇಲೆ ಆಯಿಲ್ ಒತ್ತಡಕ್ಕೆ ಕಿತ್ತು ಬಂದರೆ ಸ್ವಲ್ಪ ಹೊತ್ತಿನಲ್ಲೇ ಇಂಜಿನ್ ಆಯಿಲ್ ಖಾಲಿ. ರಬ್ಬರ್ ತಾಗುವ ಮುಂಚೆ ಎರಡು ಮೂರು ಸುತ್ತು ಹತ್ತಿಸಿ ಅಲುಗಾಡಿಸಿ ನೋಡಿ. ಲೊಡಲೊಡ ಎಂದರೆ ವಾಪಸ್ ಕೊಡಿ.

ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಎರಡು ಮೂರು ಸೆಕೆಂಡ್ ಇಂಜಿನ್ ಕಟಕಟ ಅಂದು ಸುಮ್ಮನಾದರೆ, ಅದೂ ಫಿಲ್ಟರ್ ಬದಲಿಸಿದ ಮೇಲೆ ಶುರುವಾಗಿದ್ದರೆ, ಒಳಗಿನ ಆಂಟಿ ಡ್ರೈನ್‌ಬ್ಯಾಕ್ ವಾಲ್ವ್ ಮೇಲೆ ಅನುಮಾನ ಪಡಿ. ರಾತ್ರಿ ಆಯಿಲ್ ಕೆಳಗಿಳಿಯದಂತೆ ತಡೆಯುವ ರಬ್ಬರ್ ಅದು. ಫಿಲ್ಟರ್ ಅಡ್ಡಡ್ಡ ಅಥವಾ ತಲೆಕೆಳಗಾಗಿ ಕೂರುವ ಇಂಜಿನ್‌ಗಳಿಗೆ ಬೇಕೇ ಬೇಕು. ಹೆಸರುವಾಸಿ ತಯಾರಕರ ಫಿಲ್ಟರ್ ಇಲ್ಲಿ ಧಾರಾಳ ಸಾಕು, ಕಂಪನಿ ಡಬ್ಬಿಯೇ ಬೇಕೆಂದಿಲ್ಲ.

ಪ್ರಶ್ನೆ: ಲೋಯರ್ ಆರ್ಮ್ ಹೊಸದು ಹಾಕಿಸಿ ಆರು ತಿಂಗಳಿಗೇ ಬುಷ್ ಹರಿದಿದೆ. ಅದರ ಜೊತೆ ಹಾಕಿಸಿದ ವೀಲ್ ಬೇರಿಂಗ್ ಶಬ್ದ ಮಾಡುತ್ತಿಲ್ಲ, ಆದರೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಆರುತ್ತಲೇ ಇಲ್ಲ. ಎರಡೂ ಆಫ್ಟರ್‌ಮಾರ್ಕೆಟ್.

ಉತ್ತರ: ನಮ್ಮ ಅನುಮಾನ ಮಾಲಿಗಿಂತ ಹೆಚ್ಚಾಗಿ ಅದನ್ನು ಜೋಡಿಸಿದ ಕೈಗಳ ಮೇಲೆ. ಲೋಯರ್ ಆರ್ಮ್ ಅಂದರೆ ಚಕ್ರವನ್ನು ಗಾಡಿಯ ತಳಕ್ಕೆ ಜೋಡಿಸುವ ತೋಳು. ಅದರ ಬುಷ್ ಅಂದರೆ ಎರಡು ಕಬ್ಬಿಣದ ಕೊಳವೆಗಳ ನಡುವೆ ಅಂಟಿಸಿದ ರಬ್ಬರ್. ಗಾಡಿ ಜ್ಯಾಕ್ ಮೇಲಿದ್ದು ಚಕ್ರ ಜೋತು ಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ ಒಳ ಕೊಳವೆ ಆ ಕೋನದಲ್ಲೇ ಗಟ್ಟಿಯಾಗಿಬಿಡುತ್ತದೆ. ಗಾಡಿ ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಳ್ಳುತ್ತದೆ. ನಿಂತಲ್ಲೂ ಓಡುವಾಗಲೂ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಬೋಲ್ಟ್‌ಗಳನ್ನು ಕೈಬಿಗಿಯಲ್ಲಿ ಬಿಟ್ಟು, ಗಾಡಿಯ ಭಾರ ಚಕ್ರದ ಮೇಲೆ ಬಂದ ನಂತರ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಒರಿಜಿನಲ್ ಆರ್ಮ್ ಹಾಕಿದರೂ ಇದೇ ಕ್ರಮ. ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್.

ಬೇರಿಂಗ್ ವಿಷಯ ಇನ್ನೂ ಸ್ವಾರಸ್ಯದ್ದು. ಈಗಿನ ಹಲವು ಬೇರಿಂಗ್‌ಗಳ ಒಂದು ಬದಿಯ ಸೀಲ್‌ನಲ್ಲೇ ಅಯಸ್ಕಾಂತದ ಉಂಗುರ ಇರುತ್ತದೆ. ಅದರ ಧ್ರುವಗಳನ್ನೇ ಎಬಿಎಸ್ ಸೆನ್ಸರ್ ಎಣಿಸುವುದು. ಎರಡೂ ಬದಿ ಹೆಚ್ಚುಕಡಿಮೆ ಒಂದೇ ಥರ ಕಾಣುವುದರಿಂದ ತಿರುಗಾ ಮುರುಗಾ ಕೂರಿಸಿದರೆ ಚಕ್ರ ಚೆನ್ನಾಗಿ ತಿರುಗುತ್ತದೆ, ಸೆನ್ಸರ್‌ಗೆ ಮಾತ್ರ ಏನೂ ಕಾಣದು. ಅಯಸ್ಕಾಂತದ ಗೆರೆ ತೋರಿಸುವ ಹಸಿರು ಟೆಸ್ಟ್ ಕಾರ್ಡ್ ಹಿಡಿದರೆ ಯಾವ ಬದಿ ಎಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಆ ಬದಿ ಸೆನ್ಸರ್ ಕಡೆಗಿರಬೇಕು. ತಪ್ಪಾಗಿ ಕೂತದ್ದನ್ನು ಹೊರಗೆ ಒತ್ತಿ ತೆಗೆದು ಮತ್ತೆ ಹಾಕುವಂತಿಲ್ಲ, ಬೇರೆ ಬೇರಿಂಗ್ ತನ್ನಿ. ಬೇರಿಂಗ್ ಕೂರುವ ಎರಕದ ಮನೆಗೆ, ಅಂದರೆ ನಕಲ್‌ಗೆ ಒತ್ತುವಾಗ ಪ್ರೆಸ್‌ನ ಬಲ ಹೊರ ಬಳೆಯ ಮೇಲಷ್ಟೇ ಬೀಳಲಿ. ಒಳ ಬಳೆಯ ಮೇಲೆ ಒತ್ತಿದರೆ ಗುಂಡುಗಳು ಹಾದಿಯಲ್ಲಿ ಗುಳಿ ಮೂಡಿಸಿ ಕೆಲವೇ ದಿನಗಳಲ್ಲಿ ಗುಂಯ್‌ಗುಟ್ಟತೊಡಗುತ್ತವೆ.

ಪ್ರಶ್ನೆ: ಸ್ಪಾರ್ಕ್ ಪ್ಲಗ್, ಆಕ್ಸಿಜನ್ ಸೆನ್ಸರ್ ಯಾವುದು ತಗೊಳ್ಳಲಿ?

ಉತ್ತರ: ಪ್ಲಗ್ ತಯಾರಕರ ಡಬ್ಬಿಯಲ್ಲೇ ತಗೊಳ್ಳಿ, ಆದರೆ ಬ್ರ್ಯಾಂಡ್ ಬದಲಿಸುವಾಗ ನಂಬರನ್ನು ನೀವೇ ಊಹಿಸಬೇಡಿ. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ‘ತಣ್ಣಗಿನದು’ (ಬಿಸಿಯನ್ನು ಬೇಗ ಹೊರಹಾಕುವಂಥದ್ದು), ಬಾಷ್‌ನಲ್ಲಿ ಅಂಕಿ ದೊಡ್ಡದಾದಷ್ಟೂ ‘ಬಿಸಿಯದು’. ಪ್ಲಗ್ ಮಾರುಕಟ್ಟೆಯಲ್ಲಿ ನಕಲಿ ಹಾವಳಿ ಜಾಸ್ತಿ. ಇರಿಡಿಯಂ ಪ್ಲಗ್‌ನ ನಡುವಿನ ಸಣ್ಣ ತುದಿ ನೇರವಾಗಿದ್ದು, ಎಲ್ಲ ಪ್ಲಗ್‌ಗಳ ಗ್ಯಾಪ್ (ಕಿಡಿ ಹಾರುವ ಸಂದು) ಒಂದೇ ಇರಬೇಕು. ನಾಲ್ಕರಲ್ಲಿ ನಾಲ್ಕು ಥರ ಇದ್ದರೆ ಬೇಡ. ವಾಷರ್ ಇರುವ 14 ಮಿ.ಮೀ. ಹೊಸ ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್ ಬಿಗಿ ಸಾಕು. ರೆಂಚ್ ಇಲ್ಲದಿದ್ದರೆ ಕೈಯಲ್ಲಿ ಪೂರ್ತಿ ತಿರುಗಿಸಿದ ಮೇಲೆ ಅರ್ಧದಿಂದ ಮೂರನೇ ಎರಡು ಭಾಗ ಸುತ್ತು.

ಇಂಜಿನ್ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಮಾತ್ರ ಮೂಲ ತಯಾರಕರದ್ದೇ, ನಿಮ್ಮ ಕಾರಿನ ಕನೆಕ್ಟರ್ ಇರುವುದೇ ಆಗಲಿ. ‘ಎಲ್ಲಾ ಗಾಡಿಗೂ ಆಗುತ್ತೆ’ ಎಂದು ವೈರ್ ತುಂಡು ಮಾಡಿ ಜೋಡಿಸುವ ಸೆನ್ಸರ್‌ಗಳಲ್ಲಿ ಜೋಡಣೆಯೇ ಸಮಸ್ಯೆ. ಹಲವು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆ ಹಾಕಿದರೆ ಆ ದಾರಿ ಮುಚ್ಚಿ ತಪ್ಪು ಲೆಕ್ಕ ಕೊಡುತ್ತವೆ.

ಪ್ರಶ್ನೆ: ಗುಜರಿಯಿಂದ ತಂದ ಸೆಕೆಂಡ್ ಹ್ಯಾಂಡ್ ಒರಿಜಿನಲ್ ಭಾಗ ಹಾಕಬಹುದೇ?

ಉತ್ತರ: ಬಾಗಿಲು, ಕನ್ನಡಿ, ಡಿಕ್ಕಿ ಮುಚ್ಚಳ, ಸೀಟು ಧಾರಾಳವಾಗಿ. ಬಾಡಿ ಭಾಗಗಳಲ್ಲಿ ಅಗ್ಗದ ಹೊಸದಕ್ಕಿಂತ ಹಳೇ ಒರಿಜಿನಲ್ಲೇ ಸಂದು ಬಿಡದೆ ಕೂರುತ್ತದೆ. ಸೀಟಿನಲ್ಲೇ ಏರ್‌ಬ್ಯಾಗ್ ಇದ್ದರೆ ಅದೂ ಬೇಡ. ಏರ್‌ಬ್ಯಾಗ್, ಸೀಟ್ ಬೆಲ್ಟ್, ಬ್ರೇಕ್ ಹೋಸ್, ಬಾಲ್ ಜಾಯಿಂಟ್ ಗುಜರಿಯಿಂದ ತರಲೇಬೇಡಿ. ಮೊದಲೆರಡನ್ನು ಕಂಪನಿ ಡಬ್ಬಿಯಲ್ಲಲ್ಲದೆ ಬೇರೆಲ್ಲೂ ಕೊಳ್ಳಬೇಡಿ. ಮುಂಗಾಜಿನ ಹಿಂದೆ ಕ್ಯಾಮೆರಾ ಇದ್ದರೆ ಗಾಜು ಯಾರದೇ ಆಗಲಿ, ಬದಲಿಸಿದ ನಂತರ ಕ್ಯಾಲಿಬ್ರೇಶನ್ (ಕ್ಯಾಮೆರಾದ ನೋಟ ಮತ್ತೆ ಸರಿಹೊಂದಿಸುವುದು) ಆಗಲೇಬೇಕು. ಯಾವ ಭಾಗ ಕೊಳ್ಳಲು ಹೋದರೂ ಚಾಸಿಸ್ ನಂಬರಿನ 17 ಅಕ್ಷರಗಳ ಫೋಟೋ ಜೊತೆಗಿರಲಿ. ಒಂದೇ ಮಾಡೆಲ್‌ನಲ್ಲಿ ವರ್ಷದ ನಡುವೆ ಕ್ಯಾಲಿಪರ್ ಬದಲಾಗಿರುತ್ತದೆ. ಅಂದಹಾಗೆ, ಆ ನಂಬರಿನಲ್ಲಿ ‘ಐ’, ‘ಓ’, ‘ಕ್ಯೂ’ ಅಕ್ಷರಗಳು ಬರುವುದಿಲ್ಲ. ಹಾಗೆ ಕಂಡರೆ ಅದು 1 ಅಥವಾ 0.