‘ಮೋರ್ ಬೆಟರ್’ ಎಂದರೆ ಏಕೆ ತಪ್ಪು?

‘ಟಾಲ್’ ಪದ ‘ಟಾಲರ್’ ಆಗುವಾಗ ‘ಬ್ಯೂಟಿಫುಲ್’ಗೆ ಮಾತ್ರ ‘ಮೋರ್’ ಏಕೆ ಬೇಕು, ‘ಮೋರ್ ಬೆಟರ್’ ಎಂದರೆ ಏನು ತಪ್ಪು ಎಂದು ಕೇಳಿದ್ದೀರಿ.

ನಾನು ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಕಳೆದ ವಾರ ಒಂದು ನೋಟ್‌ಬುಕ್ಕಿನಲ್ಲಿ ‘ಮೈ ಸಿಸ್ಟರ್ ಈಸ್ ಟಾಲ್ ದ್ಯಾನ್ ಮಿ’ ಎಂದಿತ್ತು. ಕೆಂಪು ಗೆರೆ ಎಳೆಯಲು ಕೈ ಬರಲಿಲ್ಲ. ಆ ಹುಡುಗಿ ಕನ್ನಡದ ವ್ಯಾಕರಣವನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ‘ಅಕ್ಕ ನನಗಿಂತ ಎತ್ತರ’ ಎನ್ನುವಾಗ ಹೋಲಿಕೆಯ ಭಾರವನ್ನೆಲ್ಲ ‘ಇಂತ’ ಹೊರುತ್ತದೆ. ‘ಎತ್ತರ’ ಇದ್ದ ಹಾಗೆಯೇ ಇರುತ್ತದೆ. ಇಂಗ್ಲಿಷಿನಲ್ಲಿ ‘ದ್ಯಾನ್’ ಒಂದೇ ಸಾಲದು, ಗುಣವಾಚಕವೂ ರೂಪ ಬದಲಿಸಬೇಕು. ನಮ್ಮವರು ಎಡವುವುದು ಬಹುಮಟ್ಟಿಗೆ ಇಲ್ಲೇ.

ಬದಲಾವಣೆಯ ಬಗೆಯನ್ನು ಪದದ ಉದ್ದ ತೀರ್ಮಾನಿಸುತ್ತದೆ. ಟಾಲ್, ಚೀಪ್, ಬಿಗ್‌ನಂತಹ ಒಂದೇ ಉಚ್ಚಾರಾಂಶದ ಪದಗಳಿಗೆ ‘ಅರ್’, ‘ಎಸ್ಟ್’ ಅಂಟುತ್ತವೆ (ಬಿಗ್ಗರ್ ಬರೆಯುವಾಗ ‘ಜಿ’ ಎರಡಾಗುತ್ತದೆ). ‘ವೈ’ಯಿಂದ ಮುಗಿಯುವ ಹ್ಯಾಪಿ, ಈಸಿಗಳೂ ಹಾಗೆಯೇ, ‘ವೈ’ ಹೋಗಿ ‘ಐ’ ಬರುತ್ತದೆ. ಡಿಫಿಕಲ್ಟ್, ಎಕ್ಸ್‌ಪೆನ್ಸಿವ್‌ನಂತಹ ಉದ್ದದ ಪದಗಳಿಗೆ ಮೋರ್, ಮೋಸ್ಟ್. ಸಿಂಪಲ್, ಕ್ಲೆವರ್ ಎರಡೂ ದಾರಿಯಲ್ಲಿ ನಡೆಯುತ್ತವೆ. ಗುಡ್‌, ಬೆಟರ್‌, ಬೆಸ್ಟ್ ಮತ್ತು ಬ್ಯಾಡ್‌, ವರ್ಸ್‌, ವರ್ಸ್ಟ್ ಬಾಯಿಪಾಠವೇ ಸರಿ. ಸೀನಿಯರ್, ಜೂನಿಯರ್ ಲ್ಯಾಟಿನ್‌ನಿಂದ ಬಂದವು. ಅವುಗಳ ಮುಂದೆ ‘ದ್ಯಾನ್’ ಅಲ್ಲ, ‘ಟು’.

ಈಗ ‘ಮೋರ್ ಬೆಟರ್’. ‘ಬೆಟರ್’ನ ಹೊಟ್ಟೆಯಲ್ಲೇ ‘ಇನ್ನೂ ಹೆಚ್ಚು’ ಎಂಬ ಅರ್ಥ ಇರುವಾಗ ಮತ್ತೊಂದು ‘ಮೋರ್’ ಏಕೆ? ಹಾಗೆಂದು ಇದು ಮೊದಲಿನಿಂದಲೂ ತಪ್ಪಾಗಿರಲಿಲ್ಲ. ಶೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಆಂಟನಿ ‘ಮೋಸ್ಟ್ ಅನ್‌ಕೈಂಡೆಸ್ಟ್’ ಎನ್ನುತ್ತಾನೆ. ಇಂದಿನ ಶಿಷ್ಟ ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ. ನಮ್ಮ ಕಿವಿಗೆ ಅದು ಚುಚ್ಚದಿರಲು ‘ಅತ್ಯುತ್ತಮ’ವೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ: ‘ಉತ್ತಮ’ದ ‘ತಮ’ ಎಂದರೇ ಸಂಸ್ಕೃತದಲ್ಲಿ ಎಲ್ಲಕ್ಕಿಂತ ಮಿಗಿಲು, ಅದರ ತಲೆಯ ಮೇಲೆ ನಾವು ‘ಅತಿ’ಯನ್ನೂ ಕೂರಿಸಿದ್ದೇವೆ. ‘ತಾರತಮ್ಯ’ ಹುಟ್ಟಿದ್ದೂ ‘ತರ’, ‘ತಮ’ ಎಂಬ ಈ ಜೋಡಿಯಿಂದಲೇ.

ಮಕ್ಕಳ ಕಣ್ಣು ಅರಳುವುದು ‘ಎಸ್ಟ್’ನ ಕಥೆ ಹೇಳಿದಾಗ. ಹವಾಮಾನ ವರದಿಯ ‘ಗರಿಷ್ಠ’, ‘ಕನಿಷ್ಠ’ಗಳ ಬಾಲದಲ್ಲಿರುವ ‘ಇಷ್ಠ’ವೂ ಇಂಗ್ಲಿಷಿನ ‘ಎಸ್ಟ್’ ಕೂಡ ಒಂದೇ ಮೂಲದಿಂದ ಕವಲೊಡೆದವು. ಗುರು ಗರಿಷ್ಠವಾದಂತೆ ಟಾಲ್ ಟಾಲೆಸ್ಟ್ ಆಗುತ್ತದೆ. ಇನ್ನು ಮುಂದೆ ‘ಮೋಸ್ಟ್ ಟಾಲೆಸ್ಟ್’ ಬಾಯಿಗೆ ಬಂದಾಗ, ‘ತುಂಬ ಗರಿಷ್ಠ ತಾಪಮಾನ’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ.