ಗುಳಿಗೆ ಬೇಡ, ಗಾಂಜಾ ಸಾಕು ಎಂದ ಟಿಪ್ಪರ್ ಡ್ರೈವರ್

ವೀರೇಶ (ಹೆಸರು, ಊರು, ಇನ್ನೂ ಕೆಲವು ವಿವರ ಬದಲಿಸಿದ್ದೇನೆ) ಮೂವತ್ತೈದರ ಆಸುಪಾಸಿನವರು. ಸಂಡೂರು ಕಡೆಯ ಗಣಿಯಿಂದ ತೋರಣಗಲ್ಲಿಗೆ ಅದಿರು ಹೊಡೆಯುವ ಟಿಪ್ಪರ್ ಓಡಿಸುತ್ತಿದ್ದರು. ಇಳಿಜಾರಿನಲ್ಲಿ ಎದುರಿನ ಲಾರಿಗೆ ಡಿಕ್ಕಿಯಾಯಿತು. ಪಕ್ಕದಲ್ಲಿದ್ದ ಕ್ಲೀನರ್ ಹುಡುಗ ಕ್ಯಾಬಿನ್‌ನಲ್ಲೇ ಸತ್ತ. ಇವರ ಮುರಿದ ಕಾಲು ಕೂಡಿತು, ನಿದ್ದೆ ಕೂಡಲಿಲ್ಲ.

ಮಾತಿನ ಚಿಕಿತ್ಸೆ ಕೊಡುವ ನನ್ನಲ್ಲಿಗೆ ಬಂದಾಗ ಬಾಗಿಲು ಕಾಣುವ ಕುರ್ಚಿಯನ್ನೇ ನೋಡಿ ಕೂತರು. ಮಾತಿನ ನಡುವೆ ಹೊರಗೆ ಯಾವುದೋ ಗಾಡಿಯ ರಿವರ್ಸ್ ಹಾರ್ನ್ ಕೇಳಿತು. ವೀರೇಶರ ಬಲಗಾಲು ನೆಲವನ್ನು ಒತ್ತಿ ಹಿಡಿಯಿತು, ಬ್ರೇಕ್ ಮೇಲೆ ಇಟ್ಟ ಹಾಗೆ. ಅವರಿಗೆ ಅದು ಗೊತ್ತೇ ಆಗಲಿಲ್ಲ. ಹೆಂಡತಿ ಮಾತ್ರ ಆ ಕಾಲನ್ನೇ ನೋಡುತ್ತಿದ್ದರು.

ಮನೋವೈದ್ಯರು ಇದು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿಯುವ ಮನಸ್ಸಿನ ಕಾಯಿಲೆ ಎಂದು ಹೇಳಿ ಸರ್ಟ್ರಲಿನ್ ಎಂಬ ಖಿನ್ನತೆ, ಆತಂಕದ ಗುಳಿಗೆ ಬರೆದಿದ್ದರು. ಎರಡು ತಿಂಗಳು ನುಂಗಿ, ಯಾರಿಗೂ ಹೇಳದೆ ಬಿಟ್ಟಿದ್ದರು. ಈಗ ದಿನಾ ರಾತ್ರಿ ಗಾಂಜಾ.

"ಮೇಡಂ, ಅದು ಸೊಪ್ಪು ಐತ್ರೀ, ಗುಳಿಗಿ ಕೆಮಿಕಲ್ಲು. ಅಮೆರಿಕಾದಾಗ ಡಾಕ್ಟರೇ ಬರ್ದು ಕೊಡ್ತಾರಂತ. ನಮ್ಮ ಅಣ್ಣನ ಮಗ ಹೇಳ್ಯಾನ."

ಅಣ್ಣನ ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅಲ್ಲಿನ ನ್ಯೂ ಮೆಕ್ಸಿಕೋ ರಾಜ್ಯ 2009ರಲ್ಲೇ ಪಿಟಿಎಸ್‌ಡಿಗೆ ಗಾಂಜಾ ಬಳಸಲು ಒಪ್ಪಿಗೆ ಕೊಟ್ಟಿತು. ಆಮೇಲೆ ಬೇರೆ ರಾಜ್ಯಗಳೂ ಕೊಟ್ಟವು. ಆದರೆ ಸರ್ಕಾರ ಒಪ್ಪಿದ ಮಾತ್ರಕ್ಕೆ ರೋಗ ವಾಸಿಯಾಗಬೇಕಲ್ಲ. ಪಿಟಿಎಸ್‌ಡಿ ಇರುವ ಮಾಜಿ ಸೈನಿಕರಿಗೆ ಗಾಂಜಾ ಸೇದಿಸಿ ನೋಡಿದ ಒಂದು ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ಕೆಲವರಿಗೆ ಅಸಲಿ ಗಾಂಜಾ, ಕೆಲವರಿಗೆ ಔಷಧದ ಅಂಶ ತೆಗೆದದ್ದು. ಎಲ್ಲರಿಗೂ ಸ್ವಲ್ಪ ಹಗುರ ಎನಿಸಿತು. ಆದರೆ ಅಸಲಿ ಸೇದಿದವರಿಗೆ ಜಾಸ್ತಿ ಲಾಭವೇನೂ ಕಾಣಲಿಲ್ಲ. ಅದೇ ಅಮೆರಿಕದ ಮಾಜಿ ಸೈನಿಕರ ಇಲಾಖೆ 2023ರ ಮಾರ್ಗಸೂಚಿಯಲ್ಲಿ ಪಿಟಿಎಸ್‌ಡಿಗೆ ಗಾಂಜಾ ಬೇಡ ಎಂದೇ ಬರೆದಿದೆ.

ಹಾಗಂತ ಗಾಂಜಾ ಸೇದಿ ವೀರೇಶರಿಗೆ ನಿದ್ದೆ ಬಂದದ್ದು ಸುಳ್ಳೇ? ಅಲ್ಲ. ಗಾಂಜಾದಲ್ಲಿರುವ ಟಿಎಚ್‌ಸಿ ಎಂಬ ಮತ್ತೇರಿಸುವ ಅಂಶ ಕನಸಿನ ನಿದ್ದೆಯನ್ನು ಅದುಮುತ್ತದೆ, ಕ್ಯಾಬಿನ್ ಕನಸು ಬರುವುದಿಲ್ಲ. ಒಂದು ರಾತ್ರಿ ಸಿಗದಿದ್ದರೆ ಅದೇ ಕನಸು ಇನ್ನಷ್ಟು ಜೋರಾಗಿ ಬರುತ್ತದೆ. ಆಗ "ನೋಡ್ರಿ, ಗಾಂಜಾ ಇಲ್ದಿದ್ರ ಹಿಂಗ ಆಗ್ತೈತಿ" ಎನಿಸುವುದು ಸಹಜ. ಸುಮ್ನೆ ಬೈದರೆ ಇಂಥವರು ಮತ್ತೆ ಬರುವುದಿಲ್ಲ. ಸ್ವಲ್ಪದರಲ್ಲಿ ಸಮಾಧಾನ ಕೊಡುವ ಗಾಂಜಾ ಜಾಸ್ತಿಯಾದರೆ ಆತಂಕ, ಅನುಮಾನ ಹುಟ್ಟಿಸುತ್ತದೆ. ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡ್ತಾರೆ ಅಂತ ಇವರು ಕಿಟಕಿ ಮುಚ್ಚಿಡಲು ಶುರು ಮಾಡಿದ್ದರು. ಹೆಂಡತಿ ಕರೆತಂದದ್ದು ಅದಕ್ಕೇ.

ಗುಳಿಗೆ ಯಾಕೆ ಬಿಟ್ಟರು? "ಮೈ ಜಡ" ಎಂದರು. ನನಗೆ ನಂಬಿಕೆ ಬರಲಿಲ್ಲ. ಹೆಂಡತಿಯನ್ನು ಸ್ವಲ್ಪ ಹೊರಗೆ ಕೂರಲು ಹೇಳಿ ಮತ್ತೆ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಮನ್ಯಾಗ ಆಗವಲ್ದು ಮೇಡಂ" ಎಂದರು. ಒಪಿಡಿಯಲ್ಲಿ ಬೆನ್ನ ಹಿಂದೆ ಸಾಲು ನಿಂತಿರುವಾಗ ಇದನ್ನು ಯಾರು ಹೇಳುತ್ತಾರೆ? ಕೆಮಿಕಲ್ಲು, ಸೊಪ್ಪು ಎಂಬ ವಾದದ ಹಿಂದೆ ಇಂಥದ್ದೊಂದು ಇರುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಈ ಗುಂಪಿನ ಗುಳಿಗೆಗಳಿಂದ ಲೈಂಗಿಕ ತೊಂದರೆ ಆಗುವುದು ಅಪರೂಪವೇನಲ್ಲ. ಡೋಸ್ ಇಳಿಸಬಹುದು, ಗುಳಿಗೆ ಬದಲಿಸಬಹುದು. ಹೇಳಿದರೆ ತಾನೆ!

ಮನೋವೈದ್ಯರಿಗೆ ಒಂದು ಚೀಟಿ ಬರೆದೆವು. ಆ ತೊಂದರೆ ಮತ್ತು ಗಾಂಜಾ ಎರಡನ್ನೂ ಬರೆಯಿರಿ ಎಂದೆ, ಗುಳಿಗೆ, ಗಾಂಜಾ ಒಟ್ಟಿಗೆ ಹೋದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿರಬೇಕು. ಗುಳಿಗೆ ಬದಲಾಯಿತು. ಪರಿಣಾಮ ಕಾಣಲು ಕೆಲವು ವಾರ ಬೇಕು, ನಿಲ್ಲಿಸುವುದಿದ್ದರೂ ಡಾಕ್ಟರ ಮಾತಿನಂತೆ ನಿಧಾನವಾಗಿ ಇಳಿಸಬೇಕು ಎಂದು ಹೆಂಡತಿಗೂ ಹೇಳಿದೆ. ಗಾಂಜಾ ಬಿಟ್ಟ ಮೊದಲ ವಾರಗಳಲ್ಲಿ ಕನಸು, ಸಿಡುಕು ಹೆಚ್ಚಾಗುತ್ತದೆ, ಆಗ ಹೆದರಬೇಡಿ ಎಂದೆ. ಸೇದಿ ಗಾಡಿಯ ಸ್ಟೇರಿಂಗ್ ಮುಟ್ಟಬಾರದು, ಇದರಲ್ಲಿ ರಾಜಿ ಇಲ್ಲ.

ಕಾನೂನೂ ಹೇಳಿದೆ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇದಿದವರಿಗೂ ಜೈಲು, ದಂಡ ಇದೆ. ಅಣ್ಣನ ಮಗ ಹೇಳಿದ ಅಮೆರಿಕದ ಡಾಕ್ಟರ ಚೀಟಿ ಬಳ್ಳಾರಿಯಲ್ಲಿ ನಡೆಯುವುದಿಲ್ಲ. ಹಳ್ಳಿಯ ಆಸ್ಪತ್ರೆಯಲ್ಲೂ ಮಾನಸಿಕ ಚಿಕಿತ್ಸೆ ಕೊಡಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿದ್ದು ಇದೇ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯೂ ಅದೇ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಎಂದು ಬರೆದುಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ.

ನಿಜವಾದ ಕೆಲಸ ಮಾತಿನದು. ಆ ದಿನದ ಘಟನೆಯನ್ನು ಈಗ ನಡೆಯುತ್ತಿರುವಂತೆ ಹೇಳಿಸಿದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಕೇಳಬೇಕು. ನಿಂತ ಟಿಪ್ಪರ್ ಹತ್ತಿರ ಹೋಗುವುದು, ಆಮೇಲೆ ಇಂಜಿನ್ ಚಾಲೂ ಇರುವಾಗ, ಆಮೇಲೆ ರಿವರ್ಸ್ ಹಾರ್ನ್. ಹೆದರಿಕೆ ಏರಿ ತಾನಾಗಿಯೇ ಇಳಿಯುವುದನ್ನು ಅವರೇ ನೋಡಬೇಕು. ಮತ್ತಿನಲ್ಲಿದ್ದರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಈ ಮಾತು ಅವರಿಗೆ ಕಾನೂನಿಗಿಂತ ಬೇಗ ತಾಗಿತು.

ಈಗ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಸ್ಲಿಪ್ ಬರೆಯುವ ಕೆಲಸ. ಇಡೀ ದಿನ ಟಿಪ್ಪರ್‌ಗಳ ನಡುವೆಯೇ. ಸತ್ತ ಕ್ಲೀನರ್ ಹುಡುಗನ ವರ್ಷದ ತಿಥಿಯ ರಾತ್ರಿ ಮತ್ತೆ ಸೇದಿದರು, ತಾವೇ ಬಂದು ಹೇಳಿದರು. ಅವನ ತಾಯಿಯನ್ನು ನೋಡಬೇಕು ಅನ್ನುತ್ತಿದ್ದಾರೆ. ಅದಕ್ಕೆ ಇನ್ನೂ ತಯಾರಿ ಬೇಕು, ಮುಂದಿನ ಸಲ ಹೆಂಡತಿಯನ್ನೂ ಕೂರಿಸಿಕೊಂಡು ಮಾತಾಡೋಣ ಎಂದಿದ್ದೇನೆ.