ಹೆಡ್ ಕೆಲಸದ ನಂತರ ನೀಲಿ ಹೊಗೆ: ಟರ್ಬೊ ಬದಲಿಸುವ ಮೊದಲು ಆಯಿಲ್ ಪೈಪ್ ಬಿಚ್ಚಿಸಿ ನೋಡಿ

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರ. 2014ರ ಕಾರು, 1.3 ಲೀಟರ್ ಟರ್ಬೊ ಡೀಸೆಲ್. ಸಂಪಾಜೆ ಘಾಟಿ ಹತ್ತುವಾಗ ಎಂಜಿನ್ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋಯಿತು. ಹೆಡ್ (ಎಂಜಿನ್‌ನ ಮೇಲಿನ ಭಾಗ) ಬಿಚ್ಚಿ, ಫೇಸಿಂಗ್ ಮಾಡಿಸಿ (ಅದರ ಮುಖ ಸಮ ಮಾಡಿಸಿ), ಹೊಸ ವಾಲ್ವ್ ಸೀಲ್ ಹಾಕಿ ಕೊಟ್ಟರು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆ ಇಲ್ಲ. ಆದರೆ ಹೈವೇ ಕೆಲಸದ ಬ್ಲಾಕ್‌ನಲ್ಲಿ ಐದು ನಿಮಿಷ ನಿಂತು ಹೊರಟರೆ ಹಿಂದೆ ನೀಲಿ ಹೊಗೆ ತುಂಬುತ್ತದೆ. ಆಯಿಲ್ ಕೂಡ ಇಳಿಯುತ್ತಿದೆ. ಟರ್ಬೊ ಹೋಗಿದೆ, ಹೊಸದು ಹಾಕಬೇಕು ಅಂತಾರೆ. ಮೊದಲು ಟರ್ಬೊದಲ್ಲಿ ಏನೂ ತೊಂದರೆ ಇರಲಿಲ್ಲ. ಮುಂದಿನ ವಾರ ಮಡಿಕೇರಿಗೆ ಹೋಗಲಿಕ್ಕಿದೆ. ಏನು ಮಾಡಲಿ?

ಉತ್ತರ: ಟರ್ಬೊಗೆ ಈಗಲೇ ದುಡ್ಡು ಕೊಡಬೇಡಿ. ನೀವು ಬರೆದದ್ದನ್ನು ನೋಡಿದರೆ ಆಯಿಲ್ ಟರ್ಬೊ ಕಡೆಯಿಂದಲೇ ಬರುತ್ತಿರುವ ಸಾಧ್ಯತೆ ಜಾಸ್ತಿ, ಅಲ್ಲಿಯವರೆಗೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಆದರೆ ಟರ್ಬೊದಿಂದ ಆಯಿಲ್ ಬಂತು ಅಂದ ಮಾತ್ರಕ್ಕೆ ಟರ್ಬೊ ಹಾಳಾಗಿದೆ ಅಂತ ಅರ್ಥ ಅಲ್ಲ.

ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಫ್ಯಾನ್. ಅದರ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಅಷ್ಟು ವೇಗಕ್ಕೆ, ಅಷ್ಟು ಬಿಸಿಗೆ ರಬ್ಬರ್ ಸೀಲ್ ನಿಲ್ಲುವುದಿಲ್ಲ. ಅಲ್ಲಿರುವುದು ಪಿಸ್ಟನ್ ರಿಂಗ್ ತರಹದ ಸಣ್ಣ ಲೋಹದ ರಿಂಗ್. ಅದು ತಾನಾಗಿಯೇ ಆಯಿಲ್ ಪೂರ್ತಿ ತಡೆಯುವುದಿಲ್ಲ. ಒಳಗೆ ಬಂದ ಆಯಿಲ್ ಕೂಡಲೇ ಕೆಳಗೆ ಇಳಿದು ಹೋಗಬೇಕು, ಆಗ ಮಾತ್ರ ಅದು ಕೆಲಸ ಮಾಡುತ್ತದೆ. ಮೇಲೆ ಬರುವ ಆಯಿಲ್‌ಗೆ ಪಂಪಿನ ಒತ್ತಡ ಇರುತ್ತದೆ. ಇಳಿಯುವ ಆಯಿಲ್‌ಗೆ ಯಾವ ಒತ್ತಡವೂ ಇಲ್ಲ, ತನ್ನ ಭಾರಕ್ಕೆ ತಾನೇ ಇಳಿದು ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಸೇರಬೇಕು. ಅದಕ್ಕೇ ಇಳಿಯುವ ಪೈಪ್ ದಪ್ಪ ಇರುವುದು. ಬಚ್ಚಲಿನ ಕೊಳವೆಗೆ ಬಟ್ಟೆ ಸಿಕ್ಕಿಕೊಂಡರೆ ನೀರು ಮೇಲೆ ನಿಲ್ಲುತ್ತದಲ್ಲ, ಈ ಪೈಪ್ ಕಟ್ಟಿದರೂ ಅದೇ ಕಥೆ. ನಿಂತ ಆಯಿಲ್ ಸೀಲ್ ದಾಟಿ ಸೈಲೆನ್ಸರ್ ಕಡೆ ಹೋಗುತ್ತದೆ. ಗಾಡಿ ಐಡಲ್‌ನಲ್ಲಿದ್ದಾಗ ಅಲ್ಲೇ ಸೇರುತ್ತಾ ಇರುತ್ತದೆ, ನೀವು ಆಕ್ಸಿಲರೇಟರ್ ಕೊಟ್ಟ ಕೂಡಲೇ ಉರಿದು ನೀಲಿ ಹೊಗೆಯಾಗುತ್ತದೆ.

ಹೆಡ್ ತೆಗೆಯುವಾಗ ಈ ಪೈಪ್‌ಗೆ ಕೈ ಹಾಕದೆ ಆಗುವುದಿಲ್ಲ. ವಾಪಸ್ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕದೆ ಪೇಸ್ಟ್ ಹಚ್ಚಿ ಬಿಗಿ ಮಾಡಿದರೆ, ಜಾಸ್ತಿಯಾದ ಪೇಸ್ಟ್ ಒಳಗೆ ಉಬ್ಬಿ ದಾರಿಯನ್ನೇ ಮುಚ್ಚಿಬಿಡುತ್ತದೆ. ಪೈಪ್ ಮಡಚಿಕೊಂಡಿರಬಹುದು, ಹಳೆ ಕರಿ ಕಟ್ಟಿರಬಹುದು. ಟರ್ಬೊ ಬದಲಿಸುವ ಮೊದಲು ಅದನ್ನು ಬಿಚ್ಚಿಸಿ ನಿಮ್ಮ ಕಣ್ಣೆದುರೇ ನೋಡಿ. ಫಿಯೆಟ್‌ನ 1.3 ಲೀಟರ್ (1,248 ಸಿಸಿ) ಡೀಸೆಲ್ ಎಂಜಿನ್ ಸ್ವಿಫ್ಟ್, ಪುಂಟೊ, ಇಂಡಿಕಾ ವಿಸ್ಟಾ ಎಲ್ಲದರಲ್ಲೂ ಬಂದದ್ದು. ನಿಮ್ಮದೂ ಅದೇ ಆಗಿದ್ದರೆ ಗ್ಯಾಸ್ಕೆಟ್‌ಗೆ ಪರದಾಡಬೇಕಿಲ್ಲ, ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರಿನಿಂದ ತರಿಸಬಹುದು.

ಪೈಪ್ ಬಿಚ್ಚುವ ಮೊದಲು ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತೆಗೆದು ನೋಡಿ. ಸಮ ನೆಲದಲ್ಲಿ ನಿಲ್ಲಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ನೋಡಬೇಕು. ಮೇಲಿನ ಗೆರೆ ದಾಟಿದ್ದರೆ ಚೇಂಬರ್ ತುಂಬಿ ಟರ್ಬೊದ ಆಯಿಲ್ ಇಳಿಯಲಾಗದೆ ಇರಬಹುದು, ಅದೇ ಕಾರಣ ಇರಬಹುದು. ಕೆಲಸ ಮುಗಿದ ಮೇಲೆ "ಇರಲಿ" ಅಂತ ಸ್ವಲ್ಪ ಜಾಸ್ತಿ ಆಯಿಲ್ ಸುರಿಯುವವರು ಇದ್ದಾರೆ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಎಂಜಿನ್ ಒಮ್ಮೆ ಚೆನ್ನಾಗಿ ಬಿಸಿಯಾಗಿದೆ. ಹಾಗೆ ಬಿಸಿಯಾದಾಗ ಪಿಸ್ಟನ್ ರಿಂಗ್‌ಗಳು ಬಿಗಿ ಕಳೆದುಕೊಳ್ಳುವುದುಂಟು. ಆಗ ಉರಿದ ಗ್ಯಾಸ್ ಕೆಳಗೆ ಚೇಂಬರಿಗೆ ನುಗ್ಗುತ್ತದೆ, ಅಲ್ಲಿ ಒತ್ತಡ ಏರುತ್ತದೆ, ಟರ್ಬೊದ ಆಯಿಲ್ ಇಳಿಯಲಿಕ್ಕೆ ಜಾಗವೇ ಇರುವುದಿಲ್ಲ. ಆ ಗ್ಯಾಸ್ ಹೊರಗೆ ಬಿಡುವ ಬ್ರೀದರ್ ಪೈಪ್ ಕಟ್ಟಿದ್ದರೂ ಇದೇ ಆಗುತ್ತದೆ. ಈ ಸ್ಥಿತಿಯಲ್ಲಿ ಹೊಸ ಟರ್ಬೊ ಹಾಕಿದರೆ ಅದೂ ಹೊಗೆ ಬಿಡುತ್ತದೆ, ನಿಮ್ಮ ಸಾವಿರಾರು ರೂಪಾಯಿ ಸುಮ್ನೆ ಹೋಗುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಸುಮ್ಮನೆ ಮೇಲೆ ಇಡಿ. ಸ್ವಲ್ಪ ಗಾಳಿ ಬಂದರೆ ಚಿಂತೆ ಇಲ್ಲ, ಡೀಸೆಲ್ ಎಂಜಿನ್‌ನಲ್ಲಿ ಅದು ಇರುವುದೇ. ಮುಚ್ಚಳ ಕುಣಿದು ಹಾರಿದರೆ ಮೊದಲು ಬ್ರೀದರ್ ಸ್ವಚ್ಛ ಮಾಡಿಸಿ, ಆಮೇಲೆ ರಿಂಗ್‌ಗಳ ಬಿಗಿ ತಿಳಿಯಲು ಕಂಪ್ರೆಷನ್ ಟೆಸ್ಟ್ ಮಾಡಿಸಿ.

ವಾಲ್ವ್ ಸೀಲ್ (ಹೆಡ್‌ನ ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯುವ ರಬ್ಬರ್) ಮೇಲೆ ನನಗೆ ಅನುಮಾನ ಕಡಿಮೆ. ಅದು ಸೋರಿದರೆ ಹೆಚ್ಚಾಗಿ ಬೆಳಗಿನ ಮೊದಲ ಸ್ಟಾರ್ಟಿನಲ್ಲೇ ಹೊಗೆ ಕಾಣುತ್ತದೆ, ನಿಮಗೆ ಆಗ ಇಲ್ಲ. ಇಳಿಜಾರಿನಲ್ಲಿ ಗೇರಿನಲ್ಲಿ ಇಳಿಸಿ ನೋಡಿ ಅಂತ ಯಾರಾದರೂ ಹೇಳಬಹುದು. ಆ ಪರೀಕ್ಷೆ ಪೆಟ್ರೋಲ್ ಗಾಡಿಗೆ ಸರಿ, ಡೀಸೆಲ್‌ಗೆ ಅಷ್ಟಾಗಿ ಹೊಂದುವುದಿಲ್ಲ.

ಬಿಳಿ ಹೊಗೆ ಬಂದು, ಸಿಹಿ ವಾಸನೆ ಇದ್ದು, ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಕೆಲಸವೇ ಸರಿಯಾಗಿಲ್ಲ ಅಂತ ನೋಡಬೇಕು. ಮಳೆಗಾಲದ ಬೆಳಿಗ್ಗೆ ಒಂದೆರಡು ನಿಮಿಷ ಕಾಣುವ ಬಿಳಿ ಆವಿ ಬೇರೆ, ಅದಕ್ಕೆ ಹೆದರಬೇಡಿ. ಕಪ್ಪು ಹೊಗೆ ಬಂದು ಎಳೆತ ಕಡಿಮೆಯಾದರೆ ಟರ್ಬೊ ಹೋಸ್ ಸಡಿಲ ಆಗಿದೆಯಾ ನೋಡಿಸಿ.

ಇಷ್ಟೆಲ್ಲ ಸರಿ ಇದ್ದರೆ ಮಾತ್ರ ಟರ್ಬೊ ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಲಿ, ಎಂಜಿನ್ ತಣ್ಣಗಿರುವಾಗ. ಅಡ್ಡಕ್ಕೆ ತುಸು ಅಲ್ಲಾಡುವುದು ಸಹಜ. ಒಳಗೆ ಹೊರಗೆ ಕೈಗೆ ತಿಳಿಯುವಷ್ಟು ಸರಿದರೆ, ಅಥವಾ ಫ್ಯಾನಿನ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ, ಟರ್ಬೊ ಹೋಗಿದೆ ಅಂತಲೇ. ಆಗ ಆಯಿಲ್ ಬರುವ ಸಣ್ಣ ಪೈಪನ್ನೂ ಸ್ವಚ್ಛ ಮಾಡಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಹೊಸ ಟರ್ಬೊಗೆ ಆಯಿಲ್ ತುಂಬಿಸಿಯೇ ಸ್ಟಾರ್ಟ್ ಮಾಡಬೇಕು. ದೋಷ ಯಾವುದೇ ಇರಲಿ, ಸರಿಯಾದ ಮೇಲೂ ಸೈಲೆನ್ಸರ್‌ನಲ್ಲಿ ಉಳಿದ ಆಯಿಲ್ ಉರಿದು ಮುಗಿಯುವ ತನಕ ಸ್ವಲ್ಪ ದೂರ ಹೊಗೆ ಇರುತ್ತದೆ.

ಮಡಿಕೇರಿ ಪ್ರಯಾಣಕ್ಕೆ ಈ ಕಾರು ಬೇಡ. ಟರ್ಬೊದಿಂದ ಆಯಿಲ್ ಗಾಳಿಯ ಕಡೆಗೂ ಹೋಗಲು ಶುರುವಾದರೆ ಡೀಸೆಲ್ ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು ತಾನಾಗಿ ಓಡುತ್ತದೆ, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ನಿಮ್ಮ ಊರಿನ ರಸ್ತೆಯಲ್ಲೇ ಹಾಗೇನಾದರೂ ಆದರೆ ಗಾಡಿ ನಿಲ್ಲಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಐದನೇ ಗೇರ್ ಹಾಕಿ ಕ್ಲಚ್ ಬಿಡಿ. ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ನಿಲ್ಲದಿದ್ದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ, ಬಾನೆಟ್ ತೆರೆದು ಕೈ ಹಾಕಲು ಹೋಗಬೇಡಿ.